ಕಣಿವೆಯ ಹಸಿರು ಬದಿ

ಸಂಗತಿಗಳು ನಡೆದ ಕ್ರಮ ಹೀಗಿದೆ. ಸೋಮವಾರ ಬೆಳಿಗ್ಗೆ ಎರಡು ಜಿಲ್ಲೆಗಳ ನಕ್ಷೆಗಳನ್ನು ಪರದೆಯ ಮೇಲೆ ಒಂದಕ್ಕೊಂದು ಜೋಡಿಸಲಾಯಿತು. ಮಧ್ಯಾಹ್ನದ ಹೊತ್ತಿಗೆ ಅವು ಹೊಂದುತ್ತಿಲ್ಲವೆಂದು ತಿಳಿಯಿತು. ಮಂಗಳವಾರ ಪತ್ರವ್ಯವಹಾರದಲ್ಲಿ ಕಳೆಯಿತು. ಬುಧವಾರ ಅದು ಮನೆಯ ಜಗಳವಾಯಿತು. ಗುರುವಾರ ಕಣಿವೆಗೆ ಹೋಗಿ ನೋಡಿದ್ದಾಯಿತು. ಶುಕ್ರವಾರ ಸಭೆ.

ಯೋಜನಾ ಕಚೇರಿಯ ನಕ್ಷೆ ವಿಭಾಗದಲ್ಲಿ ಕೆಲಸಕ್ಕಿದ್ದ ಅವಳನ್ನು ಮನೆಯಲ್ಲಿ ಭಾವ ಕರೆಯುತ್ತಿದ್ದುದು 'ಅಳತೆಪಟ್ಟಿ' ಎಂದು. ಬಟ್ಟೆ ಒಣಹಾಕುವಾಗಲೂ ಕ್ಲಿಪ್ಪುಗಳ ನಡುವೆ ಸಮ ಅಂತರ ಬಿಡುವವಳಿಗೆ ಆ ಹೆಸರು ಸರಿಯಾಗಿಯೇ ಅಂಟಿಕೊಂಡಿತ್ತು. ಈಗ ಅವಳ ಕೈಯಲ್ಲಿದ್ದುದು ಜಿಲ್ಲೆಗಳ ನಕ್ಷೆಗಳನ್ನು ಜೋಡಿಸಿ ಮಾಡುವ ಇಡೀ ಪ್ರಾಂತ್ಯದ ಸಂರಕ್ಷಣಾ ನಕ್ಷೆ: ಯಾವ ನೆಲವನ್ನು ಕಾಡುಪ್ರಾಣಿಗಳಿಗೆ ಬಿಡಬೇಕು, ಯಾವುದನ್ನು ಕಟ್ಟಡಗಳಿಗೆ ಕೊಡಬಹುದು ಎಂಬುದನ್ನು ಅದು ಹೇಳಬೇಕಿತ್ತು. ಎರಡು ಗುಡ್ಡಗಳಲ್ಲಿ ತೋಳಗಳಿದ್ದವು. ನಡುವೆ ಒಂದು ಕಣಿವೆ. ಆ ಕಣಿವೆ ಒಂದು ಗುಡ್ಡದಿಂದ ಇನ್ನೊಂದಕ್ಕೆ ಎಲ್ಲೂ ಕಡಿಯದ ದಾರಿ ಎಂದು ದಾಖಲಾದರೆ ಉಳಿಯುತ್ತದೆ. ಇಲ್ಲವಾದರೆ ಲಾರಿ ನಿಲ್ದಾಣಕ್ಕೆ ಹೋಗುತ್ತದೆ. ಅದರ ಅರ್ಜಿ ಆಗಲೇ ಮುಖ್ಯಸ್ಥರ ಮೇಜಿನ ಮೇಲೆ ಕಾಲು ಚಾಚಿ ಕುಳಿತಿತ್ತು.

ದಾರಿ ಕಡಿದದ್ದು ಜಿಲ್ಲೆಯ ಗಡಿಯಲ್ಲಿ. ಕಣಿವೆಯ ನಡುವೆ ಗೀರು ಎಳೆದಂತೆ ಗಡಿ ಹಾದುಹೋಗಿತ್ತು. ಈಚೆ, ಅವಳ ಜಿಲ್ಲೆಯ ಬದಿ, ಒಂದೇ ಸಮನೆ ಹಸಿರು. ಆಚೆ ಒಂದೇ ಸಮನೆ ಕಂದು. ಕಂದು ಎಂದರೆ ಗಣಕಯಂತ್ರಕ್ಕೆ ಬರಡು ನೆಲ. ಕಾರಣ ಹುಡುಕಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಮ್ಮ ಕಚೇರಿ ಬಳಸಿದ ಉಪಗ್ರಹ ಚಿತ್ರ ಮಳೆಗಾಲ ಮುಗಿದ ಮೇಲಿನದು, ನೆರೆಯವರದು ಕಡುಬೇಸಿಗೆಯದು. ಒಂದೇ ಹುಲ್ಲು ಒಬ್ಬರಿಗೆ ಹಸಿರಾಗಿ ಕಂಡಿದೆ, ಇನ್ನೊಬ್ಬರಿಗೆ ಒಣಗಿ ಕಂಡಿದೆ, ಅಷ್ಟೆ. ತೋಳವೇನು ಗಡಿಕಲ್ಲು ಓದಿ ಹಿಂತಿರುಗುತ್ತದೆಯೇ?

ಮುಖ್ಯಸ್ಥರಿಗೆ ವಿವರಿಸಿದಳು. ಅವರು ಕನ್ನಡಕ ತೆಗೆದು ಒರೆಸಿ, ಆಚೆಯ ಬಣ್ಣ ಆಚೆಯವರ ಸ್ವತ್ತು, ಅವರನ್ನೇ ಕೇಳಿ ಎಂದರು. ಕೇಳಿದಳು. 'ಅನುಮೋದನೆಗೊಂಡ ನಕ್ಷೆಯನ್ನು ಬದಲಿಸಲು ಅವಕಾಶವಿರುವುದಿಲ್ಲ' ಎಂದು ಮಂಗಳವಾರ ಉತ್ತರ ಬಂತು. ಮತ್ತೆ ಬರೆದಳು. ಅದೇ ವಾಕ್ಯ ಮತ್ತೆ ಬಂತು, ಈ ಸಲ 'ಈಗಾಗಲೇ ತಿಳಿಸಿರುವಂತೆ' ಎಂಬ ಬಾಲ ಹಚ್ಚಿಕೊಂಡು. ಅವಳಿಗೆ ಮೈಯೆಲ್ಲ ಉರಿದದ್ದು ವಾಕ್ಯಕ್ಕಲ್ಲ, ಕೆಳಗಿದ್ದ ಸಹಿಗೆ. ಆ ಸಹಿಯವರು ಅಂದು ಬೆಳಿಗ್ಗೆಯಷ್ಟೇ ಅವಳ ಪಾಲಿನ ಬಿಸಿನೀರನ್ನೂ ಸುರಿದುಕೊಂಡು ಹಾಡುತ್ತ ಬಚ್ಚಲಿನಿಂದ ಹೊರಬಂದಿದ್ದರು. ನೆರೆಜಿಲ್ಲೆಯ ನಕ್ಷೆಗಾರರು ಬೇರೆ ಯಾರೂ ಅಲ್ಲ, ಅವಳ ಭಾವನೇ. ಅಕ್ಕ-ಭಾವನ ಜೊತೆ ಅವಳಿದ್ದ ಗಡಿಯ ಊರಿನ ಮನೆಯಿಂದ ಒಬ್ಬರು ಬೆಳಿಗ್ಗೆ ಎಡಕ್ಕೆ, ಒಬ್ಬರು ಬಲಕ್ಕೆ ಬಸ್ಸು ಹಿಡಿಯುತ್ತಿದ್ದರು.

ಬುಧವಾರ ಊಟಕ್ಕೆ ಕುಳಿತಾಗ ಅವಳು ತಟ್ಟೆಯ ಪಕ್ಕದಲ್ಲೇ ಎರಡು ಚಿತ್ರಗಳನ್ನು ಹರಡಿದಳು. ಕಚೇರಿಯ ವಿಷಯ ಕಚೇರಿಗೆ ಎಂದು ಭಾವ ಮುಖ ತಿರುಗಿಸಿದರು. ಬಣ್ಣ ಬದಲಿಸಿದರೆ ತಾನೇ ಕಾರಣ ಬರೆಯಬೇಕು, ನೆಲ ನೋಡದೆ ಬರೆಯಲಾರೆ, ನೋಡಲು ಹೋಗೋಣವೆಂದರೆ ವಾಹನ ಕೊಡುವುದಿಲ್ಲ ಎಂದು ಅವರೂ ತಮ್ಮ ಗೋಳು ತೋಡಿಕೊಂಡರು. ಮಾತಿಗೆ ಮಾತು ಬೆಳೆಯಿತು. ಅಕ್ಕ ಸೌಟು ಹಿಡಿದೇ ನಿಂತಿದ್ದಳು.

"ರೀ, ಅವಳು ಕೇಳ್ತಿರೋದು ನಿಮ್ಮ ಆಸ್ತಿನಲ್ಲ, ಒಂದು ಬಣ್ಣ. ಕೊಟ್ಟುಬಿಡಿ, ಅನ್ನ ಆರ್ತಾ ಇದೆ."

"ನಿನ್ನ ತಂಗಿಗೆ ಇವತ್ತು ಬಣ್ಣ ಕೊಟ್ಟರೆ ನಾಳೆ ಜಿಲ್ಲೆನೇ ಕೇಳ್ತಾಳೆ ಕಣೆ."

"ನಿಮ್ಮ ಜಿಲ್ಲೆ ಯಾರಿಗೆ ಬೇಕು ಭಾವ? ಅಲ್ಲಿರೋದು ಬರೀ ಬರಡು ನೆಲ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ," ಎಂದಳು ಅವಳು.

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಭಾವನಿಗೂ ನಗು ತಡೆಯಲಾಗಲಿಲ್ಲ. ಕೈ ತೊಳೆದು ಬಂದವರು, ಆಯಿತು, ನಾಳೆ ಬದಲಿಸಿ ಕಳಿಸುತ್ತೇನೆ, ನಿನ್ನ ಮಾತಿನ ಮೇಲೆ, ಎಂದರು. ಗೆದ್ದೆನೆಂದು ಅವಳು ಹಿಗ್ಗಬೇಕಿತ್ತು. ಆದರೆ 'ನಿನ್ನ ಮಾತಿನ ಮೇಲೆ' ಎಂಬುದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚತೊಡಗಿತು. ಅವಳೂ ಆ ಕಣಿವೆಯನ್ನು ಕಂಡಿದ್ದುದು ಉಪಗ್ರಹ ಚಿತ್ರದಲ್ಲಿ, ಮೇಲಿನಿಂದ ಮಾತ್ರ. ಬಣ್ಣ ಬದಲಿಸುವ ಮೊದಲು ಒಮ್ಮೆ ಹೋಗಿ ನೋಡೋಣ ಎಂದು ಅವಳೇ ಹೇಳಿದಳು.

ಗುರುವಾರ ಇಬ್ಬರೂ ರಜೆ ಹಾಕಿ ಭಾವನ ಸ್ಕೂಟರಿನಲ್ಲಿ ಹೊರಟರು. ಮೊದಲು ಸಿಕ್ಕಿದ್ದು ಅವರ ಜಿಲ್ಲೆಯ ಕಂದು ಬದಿ. ಬಿಸಿಲಿಗೆ ನೆಲವೆಲ್ಲ ಹುರಿದಂತಿತ್ತು. ಅವಳು ಕುಳಿತು ಹುಲ್ಲಿನ ಬುಡವೊಂದನ್ನು ಬಿಡಿಸಿ ನೋಡಿದಳು, ಒಳಗೆ ಹಸಿರಿತ್ತು. ಸ್ವಲ್ಪ ಮುಂದೆ ಧೂಳಿನಲ್ಲಿ ತೋಳದ ಹೆಜ್ಜೆ, ಮೊಲದ ಕೂದಲು ಸೇರಿ ಒಣಗಿದ ಹಿಕ್ಕೆ. ತನ್ನ ಲೆಕ್ಕ ಎಲ್ಲೂ ತಪ್ಪಿಲ್ಲವೆಂದು ಅವಳು ಹೆಜ್ಜೆಗಳ ಜಾಡು ಹಿಡಿದು ಗಡಿಯತ್ತ ನಡೆದಳು.

ಗಡಿಕಲ್ಲಿನ ಹತ್ತಿರ ಬಂದು ಹೆಜ್ಜೆಗಳು ತಿರುಗಿದ್ದವು. ಇನ್ನೊಂದು ಜಾಡು ಹಿಡಿದಳು, ಅದೂ ತಿರುಗಿತ್ತು. ಕಲ್ಲಿನಾಚೆ ಅವಳ ಜಿಲ್ಲೆ ಆರಂಭವಾಗುವಲ್ಲಿ ಎದೆಮಟ್ಟದ ಲಂಟಾನ ಕಳೆ ಗೋಡೆ ಕಟ್ಟಿದಂತೆ ನಿಂತಿತ್ತು. ಮೊಲ ನುಸುಳುವಷ್ಟೂ ಸಂದಿಯಿಲ್ಲ. ನಕ್ಷೆಯ ಆ ಚೆಂದದ ಹಸಿರೆಲ್ಲ ಇದೇ ಆಗಿತ್ತು. ಭಾವನ ಜಿಲ್ಲೆಯಲ್ಲಿ ಕುರಿ ಮೇಯಿಸುವವರು ಅದರ ಸಸಿ ಕಂಡಲ್ಲೇ ಕಿತ್ತೆಸೆಯುತ್ತಿದ್ದರು. ಅವಳ ಜಿಲ್ಲೆಯಲ್ಲಿ ಸಂರಕ್ಷಣೆಯ ಹೆಸರಿನಲ್ಲಿ ಮೇಯಿಸುವುದನ್ನೇ ನಿಷೇಧಿಸಿ ವರ್ಷಗಳಾಗಿದ್ದವು. ಹುಲ್ಲೆಂದು ತಾನು ವಾರವಿಡೀ ವಾದಿಸಿದ್ದು ಈ ಮುಳ್ಳುಪೊದೆಯ ಪರವಾಗಿ ಎಂಬುದು ಅರಿವಾಗಿ ಅವಳಿಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಪೊದೆಯನ್ನು ಒದ್ದಳು. ಕಾಲಿಗೆ ಗೀರಿತು.

ಭಾವ ಹೇಳಿದರು: "ನೋಡಮ್ಮ, ನಾನು ನನ್ನ ಬದಿ ಹಸಿರು ಮಾಡ್ತೀನಿ. ನೀನು ನಿನ್ನ ಬದಿ ಬಗ್ಗೆ ಬಾಯಿ ಬಿಡಬೇಡ. ಕಣಿವೆ ಉಳಿಯುತ್ತೆ."

"ತೋಳ ದಾಟಲ್ಲ ಭಾವ."

"ಲಾರಿ ಬರಲ್ವಲ್ಲ."

ಇಬ್ಬರೂ ಸ್ಕೂಟರಿನಲ್ಲಿ ಹಿಂತಿರುಗಿದರು. ದಾರಿ ಕೂಡಿದೆ ಎಂದು ಒಮ್ಮೆ ದಾಖಲಾದರೆ ಆ ಪೊದೆಯನ್ನು ಮತ್ತೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಡಿದಿದೆ ಎಂದರೆ ಕಣಿವೆಯೇ ಕೈತಪ್ಪಬಹುದು ಎಂಬುದೂ ಗೊತ್ತಿತ್ತು.

ಶುಕ್ರವಾರ ಸಭೆಗೆ ಮುನ್ನ ಅವಳು ಕಂಡದ್ದನ್ನೆಲ್ಲ ಮುಖ್ಯಸ್ಥರಿಗೆ ಒಪ್ಪಿಸಿದಳು. ನಿಮ್ಮ ಕೆಲಸವನ್ನು ನೀವೇ ಕೆಡಿಸಿಕೊಳ್ಳುತ್ತಿದ್ದೀರಲ್ಲ, ಹಸಿರನ್ನು ಹಸಿರೆಂದು ಬಿಟ್ಟುಬಿಡಲು ಏನು ಕಷ್ಟ ಎಂದು ಅವರು ರೇಗಿದರು. ಅವಳು ಛಾಯಾಚಿತ್ರಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು, ಅಂಚಿಗೆ ಅಂಚು ಸೇರಿಸಿ. ಸಭೆಯಲ್ಲಿ ಕಣಿವೆಯನ್ನು ಕೂಡಿದ ದಾರಿಗಳ ಪಟ್ಟಿಗೆ ಸೇರಿಸದೆ ದುರಸ್ತಿಯಾಗಬೇಕಾದವುಗಳ ಪಟ್ಟಿಗೆ ಹಾಕಿದರು. ಆ ಪಟ್ಟಿಗೆ ಹಣವೂ ಇರಲಿಲ್ಲ, ಗಡುವೂ ಇರಲಿಲ್ಲ. ಲಾರಿ ನಿಲ್ದಾಣದವರಿಗೆ ಮುಂದಿನ ವರ್ಷ ಬನ್ನಿ ಎಂದರು, ಬರಬೇಡಿ ಎನ್ನಲಿಲ್ಲ. ಕಂದು ಬದಿಯ ಹೆಸರನ್ನು 'ಬರಡು' ಎಂಬುದರಿಂದ 'ಹುಲ್ಲುಗಾವಲು' ಎಂದು ತಿದ್ದಲು ಭಾವನ ಕಚೇರಿ, ಸ್ಥಳ ನೋಡಿ ಬಂದವರ ಸಹಿ ಇದ್ದುದರಿಂದ, ಗೊಣಗುತ್ತಲೇ ಒಪ್ಪಿತು. ನಕ್ಷೆಯ ಕೆಳಗೆ ಷರಾ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಅವಳು ಬರೆದಳು:

ಕಣಿವೆಯ ದಾರಿ ಜಿಲ್ಲೆಯ ಗಡಿಯಲ್ಲಿ ಕಡಿದಿದೆ. ಕಂದು ಬಣ್ಣದ ಬದಿಯಲ್ಲಿ ತೋಳಗಳು ಓಡಾಡುತ್ತಿವೆ. ದಾರಿ ಮುಚ್ಚಿರುವುದು ಹಸಿರು ಬದಿಯಲ್ಲಿ.