ಗಾಜಿನ ಹಿಂದಿನ ಕಣ್ಣು

ಬಾಣ ಮತ್ತೆ ಮಾಯ, ಈಗಷ್ಟೇ ಬಲಗಣ್ಣಿನ ಮುಂದಿನ ಗಾಜಿನಲ್ಲಿ ಹಸಿರಾಗಿ ಹೊಳೆಯುತ್ತಿತ್ತು, ಕೆಮ್ಮಿನ ಔಷಧ ಮೇಲಿನ ಸಾಲು ಎನ್ನುತ್ತಿತ್ತು, ಅಷ್ಟರಲ್ಲಿ ಎಡಗಣ್ಣು ಕಪಾಟಿನ ಡಬ್ಬಿಗಳತ್ತ ಹೊರಳಿತೋ ಇಲ್ಲವೋ ಕರಗಿಯೇ ಹೋಯಿತು, ಒಂದೇ ರಿಮೋಟಿಗೆ ಕಿತ್ತಾಡುವ ಅಕ್ಕತಂಗಿಯರು ಈ ಎರಡು ಕಣ್ಣುಗಳು, ಒಬ್ಬಳು ಗೆದ್ದರೆ ಇನ್ನೊಬ್ಬಳ ಚಾನೆಲ್ ಬಂದ್, ಸರಿ, ಎಡಗಣ್ಣು ಮುಚ್ಚು, ಹಾಂ, ಬಂತು ನೋಡು — ಔಷಧದ ಗೋದಾಮಿನಲ್ಲಿ ಯಾವ ಡಬ್ಬಿ ಎಲ್ಲಿದೆಯೆಂದು ಬಲಗಣ್ಣಿಗೆ ಬಾಣ ತೋರಿಸುವ ಈ ಗಾಜಿನ ಪಟ್ಟಿಯನ್ನು ತಲೆಗೆ ಬಿಗಿದಾಗಿನಿಂದ ಅವಳಿಗೆ ಇದೇ ಕಸರತ್ತು, ಸೂಪರ್‌ವೈಸರ್ ತಮ್ಮ ಮೂಗಿನ ದನಿಯಲ್ಲಿ ಅಂದಿದ್ದರು, ಎರಂಡೂ ಕಂಣ್ ತೆಂರ್ಕೊಳಮ್ಮಾ, ಮೆಂದುಳು ಅಂಡ್ಜಸ್ಟ್ ಆಂಗುತ್ತೆ, ಎಲ್ಲಿ ಆಂಗುತ್ತೆ, ಆದದ್ದೇ ಬೇರೆ, ಮೊನ್ನೆ ಬಾಣ ಹುಡುಕಲು ಎಡಗಣ್ಣು ಮುಚ್ಚಿದ ಗಳಿಗೆಗೆ ಸರಿಯಾಗಿ ಎದುರಿಗೆ ಪೆಟ್ಟಿಗೆ ಎತ್ತುವ ಫೋರ್ಕ್‌ಲಿಫ್ಟ್, ಮೇಲೆ ಅವನು, ಎಲ್ಲರ ಪಾಲಿಗೆ ಲಿಫ್ಟಣ್ಣ, ಅವಳ ಬಾಯಿಗೆ ಮಾತ್ರ ಆ ಅಣ್ಣ ಸುತರಾಂ ಬಾರದು, ಕಿವಿಯವರೆಗೆ ಹಲ್ಲು ಕಿರಿದು ಗಾಡಿಯನ್ನು ಸೀದಾ ಕಂಬಕ್ಕೆ ಗುದ್ದಿದ, ಟಾನಿಕ್ ಪೆಟ್ಟಿಗೆಗಳು ಧೊಪಧೊಪ, ಪ್ಯಾಕಿಂಗ್ ಅಕ್ಕ ಕೂಗಿದಳು, ಏನೇ, ಹಾಡಹಗಲೇ ಕಣ್ ಹೊಡೀತೀಯಾ, ಅಯ್ಯೋ ಅಕ್ಕಾ, ಬಾಣ ಕಾಣ್ಲಿಲ್ಲ, ಬಿಡೇ, ಅದು ನಾಟಬೇಕಾದ ಕಡೆ ನಾಟಿದೆ.

ಅಷ್ಟಕ್ಕೇ ಸುಮ್ಮನಿರಬಾರದಿತ್ತೆ, ಚಹಾದ ಹೊತ್ತಿನಲ್ಲಿ ಅವನ ಹತ್ತಿರ ಹೋಗಿ ಸತ್ಯ ಹರಿಶ್ಚಂದ್ರನ ಮೊಮ್ಮಗಳ ಹಾಗೆ, ಕಣ್ ಮುಚ್ಚಿದ್ದು ನಿಮ್ಗಲ್ಲ, ಮಿಷನ್ನಿಗೆ, ಎಂದುಬಿಟ್ಟಳು, ಹೌದಾ, ಸರಿ ಬಿಡಿ, ಅವನ ಮುಖ ಸ್ವಿಚ್ ಆರಿಸಿದ ಬಲ್ಬು, ಆಮೇಲೆ ಆ ಸಾಲಿಗೇ ಬರಲಿಲ್ಲ, ನಾಲಿಗೆಗೂ ಒಂದು ರೆಪ್ಪೆ ಇದ್ದಿದ್ದರೆ ಮುಚ್ಚಿಕೊಳ್ಳುತ್ತಿದ್ದಳು — ಗರ್ರ್ ಸದ್ದು, ಬಂದ, ಇವತ್ತು ಅವನ ತಲೆಗೂ ಪಟ್ಟಿ, ಅವನ ಬಲಗಣ್ಣಿಗೂ ಗಾಜು, ಹತ್ತಿರ ಬಂದು ನಿಧಾನ ಮಾಡಿದ, ಒಂದು ಕಣ್ಣು ಮುಚ್ಚಿದ, ತಾಳು, ಕುಣಿಯಬೇಡ, ಪಾಪ ಅವನಿಗೂ ಬಾಣ ಮಾಯವಾಗಿರಬೇಕು, ಮಿಷನ್ನಿಗೆ ಹೊಡೆದ ಕಣ್ಣನ್ನು ನೀನು ಬಾಚಿಕೊಂಡರೆ ಅಕ್ಕ ನಗುತ್ತಾಳೆ, ಆದರೆ ಬಾಣ ಬೇಕಾದವನು ಮುಚ್ಚುವುದು ಬರಿಗಣ್ಣನ್ನು, ಎಡಗಣ್ಣನ್ನು, ಅವನು ಎದುರಿಗಿದ್ದಾನೆ, ಅವನ ಎಡ ನನ್ನ ಬಲ, ಅಲ್ಲ, ಹೌದು, ಅಯ್ಯೋ ಎಡಬಲ ಹಾಳಾಗಲಿ, ಗಾಜು ನೋಡು, ಗಾಜು ಎಲ್ಲಿದೆ, ಗಾಜಿನ ಹಿಂದೆ — ಬರಿಗಣ್ಣು ಅಗಲವಾಗಿ ಅವಳನ್ನೇ ನೋಡುತ್ತಿದೆ, ಗಾಜಿನ ಹಿಂದಿನ ಕಣ್ಣು ಮುಚ್ಚಿದೆ, ಅಂದರೆ ಅವನಿಗೆ ಬಾಣ ಬೇಡ, ಇದು ಮಿಷನ್ನಿಗಲ್ಲ, ಗಾಜಿನ ಹಿಂದಿನದು, ಮುಚ್ಚಿದೆ, ಆ ಕಣ್ಣು —