ಕಾರವಾರದ ಮಂಜಿಗೆ ನಾಲ್ಕು ದಿನ ರಜೆ

ಬಸ್ಸಿನ ಕಂಡಕ್ಟರಿಗೆ ದಿನಕ್ಕೆ ಎಷ್ಟು ಮುಖ ಕಾಣುತ್ತವೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ರೇಖಾಳನ್ನು ಕೇಳಿದ್ದರೆ, ಸಾಕಪ್ಪಾ ಸಾಕು ಅನ್ನಿಸುವಷ್ಟು ಎಂದು ಹೇಳುತ್ತಿದ್ದಳು. ಹೂವಿನಹಡಗಲಿಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೂಡ್ಲಿಗಿಗೆ ಹೋಗಿ ಬರುವ ಬಸ್ಸು ಅವಳದು. ಬೆಳಗಿನ ಮೊದಲ ಟ್ರಿಪ್ಪಿಗೆ ಮಲ್ಲಿಗೆ ಬುಟ್ಟಿಗಳು, ಆಮೇಲೆ ಕಾಲೇಜಿನವರು, ಆಮೇಲೆ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ಹುಡುಕುವಷ್ಟರಲ್ಲಿ ಇಳಿಯುವ ಊರೇ ಬಂದುಬಿಡುವ ಅಜ್ಜಿಯರು. ಹನ್ನೊಂದು ವರ್ಷ ನಿಂತೇ ದುಡಿದು ಅವಳ ಮೀನಖಂಡ ಕಲ್ಲಾಗಿತ್ತು. ಕಂಡಕ್ಟರಿಗೂ ಒಂದು ಸೀಟಿದೆ ಅನ್ನುವುದು ನಿಜ. ಅದರ ಮೇಲೆ ಸದಾ ಯಾರೋ ಬಸುರಿಯೋ ಬಾಣಂತಿಯೋ ಕೂತಿರುತ್ತಾಳೆ ಅನ್ನುವುದೂ ಅಷ್ಟೇ ನಿಜ.

ಅವಳ ಬಸ್ಸಿನ ಡ್ರೈವರ್ ಓಬಳೇಶ್ ಒಂದು ದಿನ ಕೂಡ್ಲಿಗಿ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಕಾರವಾರದ ಊರಾಚೆಯ ಕಡಲ ದಂಡೆ, ಡಿಸೆಂಬರಿನ ಬೆಳಗು, ಎತ್ತ ನೋಡಿದರೂ ಮಂಜು. ಆ ಮಂಜಿನಲ್ಲಿ ಒಂದು ಕ್ಯಾರವಾನ್ ನಿಂತಿದೆ, ಒಳಗೇ ಹಾಸಿಗೆ, ಒಲೆ, ನೀರು ಎಲ್ಲ ಇರುವ ಗಾಡಿ. ಬಾಗಿಲ ಮುಂದೆ ಒಂದು ಮಡಚುವ ಕುರ್ಚಿ. ಕುರ್ಚಿ ಖಾಲಿ. ಓಬಳೇಶ್ ಎಂಜಿನ್ನಿನ ಬಗ್ಗೆ ಏನೇನೋ ಹೇಳುತ್ತಿದ್ದ, ರೇಖಾ ಕುರ್ಚಿಯನ್ನೇ ನೋಡುತ್ತಿದ್ದಳು. ಅಲ್ಲಿ ಕೂತರೆ ಎರಡು ಮಾರಿನಾಚೆ ಯಾರ ಮುಖವೂ ಕಾಣಲಿಕ್ಕಿಲ್ಲ. ಎರಡೇ ಎರಡು ಬೆಳಗು ಅಲ್ಲಿ ಸುಮ್ಮನೆ ಕೂತು ಬರಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅಳು ಬಂದಂತಾಗಿ ಮುಖ ಆಚೆ ತಿರುಗಿಸಿದಳು.

ವಾರದ ರಜೆಗಳನ್ನೆಲ್ಲ ಬಿಟ್ಟು ದುಡಿದು ನಾಲ್ಕು ದಿನ ಕೂಡಿಹಾಕಿದಳು. ಗಂಡ ಕ್ರಾಂತಿಕುಮಾರ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಕೆಟ್ಟವನೇನಲ್ಲ. ಹುಬ್ಬಳ್ಳಿ ಕಡೆ ಕ್ಯಾರವಾನ್ ಬಾಡಿಗೆಗೆ ಕೊಡುವವರನ್ನು ಅವನೇ ಹುಡುಕಿದ. ಗಂಡ, ಹೆಂಡತಿ, ಪಿಯುಸಿ ಓದುವ ಮಗಳು, ಮೂವರು ಹೋಗುವುದೆಂದು ಮಾತಾಯಿತು. ಯಾವ ದಾರಿ, ಎಲ್ಲಿ ನಿಲ್ಲುವುದು, ಎಷ್ಟು ಹೊತ್ತಿಗೆ ಬಿಡುವುದು ಎಂಬುದನ್ನೆಲ್ಲ ಬರೆಯುವ ಕೆಲಸ ರೇಖಾಳ ಪಾಲಿಗೆ ಬಂತು. ನಿನ್ನ ಕಸುಬೇ ಅದಲ್ಲವೇ ಅಂದ ಗಂಡ. ದರ್ಜಿಯನ್ನು ಮದುವೆಗೆ ಕರೆದು ಗುಂಡಿ ಹೊಲಿ ಅಂದಂತಾಯಿತು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಇಂಥ ಸುದ್ದಿ ಮೂವರಲ್ಲೇ ಉಳಿಯುತ್ತದೆಯೇ? ಮಾವ ನಾಗೇಂದ್ರಪ್ಪ ಮನೆಮಂದಿಯನ್ನೆಲ್ಲ ಬುದ್ಧನ ಕಡೆಗೆ ಕರೆತಂದ ಹಿರಿಯರು. ದಾರಿಯಲ್ಲೇ ಮುಂಡಗೋಡಿನ ಟಿಬೆಟಿಯನ್ನರ ವಿಹಾರವಿರುವಾಗ ಬಿಟ್ಟು ಹೋಗುವುದು ಹೇಗೆ ಎಂದರು. ಅತ್ತೆ ಮಾರೆಮ್ಮ ಬುದ್ಧನಿಗೂ ಕೈ ಮುಗಿಯುತ್ತಾಳೆ, ಆದರೆ ತನ್ನ ಹೆಸರಿನ ದೇವಿಯನ್ನೇನೂ ಬಿಟ್ಟುಕೊಟ್ಟವಳಲ್ಲ. ಅವಳಿಗೆ ಶಿರಸಿಯ ಮಾರಿಕಾಂಬೆ ಬೇಕೇ ಬೇಕು. ಹರಪನಹಳ್ಳಿಗೆ ಕೊಟ್ಟ ನಾದಿನಿ ಪ್ರಿಯಾ ಗಂಡ ತಿಪ್ಪೇಶನೊಂದಿಗೆ ತಾನೂ ಬರುತ್ತೇನೆಂದಳು. ಗಾಡಿ ನಾನೇ ಓಡಿಸುತ್ತೇನೆ ಎಂದ ತಿಪ್ಪೇಶ, ನೀರಿರಲಿ ಬಿಡಲಿ ಜೋಗ ನೋಡಲೇಬೇಕೆಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸಣ್ಣ ಗಾಡಿ ಬೇಡವೆಂದು ಆರು ಹಾಸಿಗೆಯ ದೊಡ್ಡ ಗಾಡಿಯನ್ನು ಗೊತ್ತು ಮಾಡಿದರು.

ರೇಖಾ ಡ್ಯೂಟಿ ಮುಗಿಸಿ ಬಂದು, ರೊಟ್ಟಿ ಬಡಿದು, ಹಾಳೆ ಹಿಡಿದು ಕೂರುತ್ತಿದ್ದಳು. ಒಬ್ಬೊಬ್ಬರ ಮಾತಿಗೂ ಹಳೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆಯಬೇಕು. ಮುಂಡಗೋಡು ಸೇರಿದಾಗ ಕಡಲಿನ ಎರಡು ಬೆಳಗು ಒಂದಾಯಿತು. ಶಿರಸಿ, ಜೋಗ ಸೇರಿದ ಮೇಲೆ ಕಾರವಾರ ಮುಟ್ಟುವುದೇ ಮೂರನೆಯ ದಿನದ ಸಂಜೆ ಎಂದಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೇ ಅಲ್ಲಿಂದ ಹೊರಡಬೇಕು, ಯಾಕೆಂದರೆ ಮರುದಿನ ತಿಪ್ಪೇಶನಿಗೆ ಕೆಲಸವಿದೆ. ಆರೂವರೆಯಿಂದ ಏಳರವರೆಗೆ ಅರ್ಧ ಗಂಟೆ ಮಂಜಿನಲ್ಲಿ ಕೂರಬಹುದು ಎಂದು ಅವಳು ಲೆಕ್ಕ ಹಾಕಿದಳು. ಅಷ್ಟಾದರೂ ಸಿಕ್ಕಿತಲ್ಲ ಅಂದುಕೊಂಡಳು. ದಣಿದವರು ಬೇಗ ಚೌಕಾಸಿಗೆ ಒಪ್ಪಿಬಿಡುತ್ತಾರೆ.

ಭಾನುವಾರ ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಡ್ಯೂಟಿಯಿಂದ ಆಗಷ್ಟೇ ಬಂದಿದ್ದ ರೇಖಾ ಹೆಗಲ ಚೀಲವನ್ನೂ ಇಳಿಸದೆ ನಿಂತೇ, ಮೊದಲ ದಿನ ಹಾವೇರಿಯ ತಿಂಡಿಯಿಂದ ಹಿಡಿದು ಪಟ್ಟಿ ಓದಿದಳು. ಕೊನೆಗೆ ಯಾರಿಗೆ ಯಾವ ಹಾಸಿಗೆ ಎಂಬುದನ್ನೂ ಓದಿದಳು. ಮಂಡಿನೋವಿನ ಅತ್ತೆಗೆ ಕೆಳಗಿನದು, ಮಾವನಿಗೆ ಕಿಟಕಿಯ ಪಕ್ಕದ್ದು. ಎಲ್ಲರಿಗೂ ಒಪ್ಪಿಗೆಯಾಯಿತು. ಕ್ರಾಂತಿಕುಮಾರ್ ಅಲ್ಲೇ ಗಾಡಿಯವನಿಗೆ ಫೋನ್ ಹಚ್ಚಿದ. ಆ ಕಡೆಯವನು ಒಟ್ಟು ಎಷ್ಟು ಜನ ಎಂದು ಕೇಳಿರಬೇಕು.

"ಆರೇ ಮಂದಿರಿ. ಹಾಸಿಗಿ ಬರೋಬ್ಬರಿ ಆಗತಾವು," ಅಂದ ಕ್ರಾಂತಿಕುಮಾರ್.

ರೇಖಾ ಹಾಳೆ ನೋಡಿದಳು. ಮಾವ, ಅತ್ತೆ, ಗಂಡ, ಮಗಳು, ಪ್ರಿಯಾ, ತಿಪ್ಪೇಶ. ಬರೆದದ್ದು ಅವಳದೇ ಕೈ. ಕಂಡಕ್ಟರಾದವಳು ತಲೆ ಎಣಿಸುವಾಗ ಮುಂದಿನಿಂದ ಹಿಂದಕ್ಕೆ ಎಣಿಸುತ್ತಾಳೆ, ಹಿಂದಿನಿಂದ ಮುಂದಕ್ಕೆ ಎಣಿಸುತ್ತಾಳೆ, ತನ್ನದೊಂದನ್ನು ಎಣಿಸುವುದಿಲ್ಲ. ಹನ್ನೊಂದು ವರ್ಷದ ರೂಢಿ ಮನೆಯ ಹಾಳೆಯ ಮೇಲೂ ನಡೆದುಹೋಗಿತ್ತು. ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಆದರೆ ಕೂತು ಕೇಳಿದ ಆರು ಮಂದಿಯಲ್ಲಿ ಯಾರೂ ಕಂಡಕ್ಟರ್ ಆಗಿರಲಿಲ್ಲ.

"ಇದರಾಗ ನನ್ನ ಹೆಸರ ಇಲ್ಲ," ಅಂದಳು.

ಕ್ರಾಂತಿಕುಮಾರ್ ಹಾಳೆ ಇಸಿದುಕೊಂಡು ನೋಡಿ, ನಕ್ಕು, ನಗು ಅರ್ಧಕ್ಕೆ ನಿಲ್ಲಿಸಿದ. ತಾನು ಮುಂದಿನ ಸೀಟಿನಲ್ಲೇ ಮಲಗುವುದಾಗಿ ಹೇಳಿದ. ಅತ್ತಿಗೆ ನನ್ನ ಪಕ್ಕದಲ್ಲೇ ಹೇಗೋ ಹಿಡಿಸುತ್ತಾಳೆ ಎಂದಳು ಪ್ರಿಯಾ. ಮಾರೆಮ್ಮನಿಗೆ ಮಾತ್ರ ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿದೆ ಎಂಬುದೇ ತಿಳಿಯಲಿಲ್ಲ.

"ನೀ ಹೆಂಗೂ ಇದ್ದ ಇರ್ತೀಯಲ್ಲ ರೇಖವ್ವ, ನಿನ್ನ ಬ್ಯಾರೆ ಎಣಸೋದೇನೈತಿ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು, ಜಗಳವಾಡಿ ಹಗುರಾಗಬಹುದಿತ್ತು. ಮಾರೆಮ್ಮ ಪ್ರೀತಿಯಿಂದಲೇ ಅಂದಿದ್ದಳು. ರೇಖಾ ಹೆಗಲ ಚೀಲ ಇಳಿಸಿ ಕೆಳಗಿಟ್ಟಳು.

"ಈ ಸಲ ಇರಂಗಿಲ್ಲ ಅತ್ತಿ. ಆರು ಮಂದಿಗೆ ಆರು ಹಾಸಿಗಿ ಸರಿ ಅದಾವು. ನೀವು ಹೋಗಿ ಬರ್ರಿ."

ನಾಗೇಂದ್ರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಮಗಳು ಒಮ್ಮೆ ತಲೆಯೆತ್ತಿ ಅಮ್ಮನನ್ನು ನೋಡಿ ತಗ್ಗಿಸಿದಳು. ನೀನಿಲ್ಲದೆ ನಾವೂ ಹೋಗುವುದಿಲ್ಲ ಎಂದು ಆರರಲ್ಲಿ ಒಬ್ಬರಾದರೂ ಅಂದಾರು ಎಂದು ರೇಖಾ ಕಾದಳು. ಅಂದಿದ್ದರೆ ಹೋಗಿಬಿಡುತ್ತಿದ್ದಳು, ನೆಲದ ಮೇಲಾದರೂ ಮಲಗುತ್ತಿದ್ದಳು. ನಾಲ್ಕು ದಿನದ ರಜೆ ವಾಪಸ್ ಕೊಟ್ಟುಬಿಡುತ್ತೀಯಾ ಎಂದು ಗಂಡ ಮೆಲ್ಲಗೆ ಕೇಳಿದ. ಇಲ್ಲವೆಂದು ತಲೆಯಾಡಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಪ್ರಿಯಾ ಹಾಳೆಯನ್ನು ಎತ್ತಿಕೊಂಡಳು. ಹೊಡೆದುಹಾಕಿ ಬರೆದ ಕಡೆ ಅವಳಿಗೆ ಅಕ್ಷರ ತಿಳಿಯಲಿಲ್ಲ.

"ಅತ್ತಿಗಿ, ಹಾವೇರಿ ಎಷ್ಟಕ್ಕ ಬಿಡೋದು?"

"ಒಂಬತ್ತೂವರಿಗೆ," ಅಂದಳು ರೇಖಾ.