ಸಾಯದ ಸಾಧು ಬ್ಯಾಕ್ಟೀರಿಯಾ

"ನಿನ್ನ ಕೈ ಸರಿಯಿಲ್ಲಮ್ಮ," ಅಂದರು ಪ್ರೊಫೆಸರ್, ಅವಳು ಮುಂದೆ ಹಿಡಿದ ಗಾಜಿನ ತಟ್ಟೆಯನ್ನು ಸರಿಯಾಗಿ ನೋಡದೆಯೇ.

ಸಂಶೋಧಕಿಗೆ ಮೈಯೆಲ್ಲ ಉರಿದುಹೋಯಿತು. ರಕ್ತದಿಂದ ರಕ್ಷಕ ಕೋಶಗಳನ್ನು ಬೇರ್ಪಡಿಸಿ ಕೂಸಿನಂತೆ ಸಾಕುವುದು ಅವಳ ಕೆಲಸ. ರೋಗಾಣು ಕಂಡರೆ ನುಂಗಿ ಅರಗಿಸಿಕೊಳ್ಳುವ ಕೋಶಗಳು ಅವು. ಒಂದಿಷ್ಟಕ್ಕೆ ಕ್ಷಯದ ಬ್ಯಾಕ್ಟೀರಿಯಾ ಉಣಿಸುತ್ತಿದ್ದಳು, ಇನ್ನೊಂದಿಷ್ಟಕ್ಕೆ ಅದರದೇ ಕುಲದ, ಮಣ್ಣಲ್ಲಿ ಬದುಕುವ, ಯಾರ ತಂಟೆಗೂ ಹೋಗದ ಸಾಧು ಬ್ಯಾಕ್ಟೀರಿಯಾ. ಆಮೇಲೆ ಕೋಶಗಳನ್ನು ಒಡೆದು, ಒಳಗೆ ಯಾವುದು ಜೀವ ಹಿಡಿದುಕೊಂಡಿದೆ ಎಂದು ತಟ್ಟೆಯಲ್ಲಿ ಬೆಳೆಸಿ ನೋಡುತ್ತಿದ್ದಳು.

ಕೋಶದೊಳಗೆ ಅಡಗಿ ಬದುಕುವ ವಿದ್ಯೆ ಕ್ಷಯದ ಬ್ಯಾಕ್ಟೀರಿಯಾಕ್ಕೆ ಮಾತ್ರ ಗೊತ್ತು, ಅದೇ ರೋಗದ ಬೇರು ಎಂದು ಪ್ರೊಫೆಸರ್ ಊರೂರು ತಿರುಗಿ ಸಾರಿದ್ದರು. ಅದನ್ನು ನಂಬಿ, ಆ ವಿದ್ಯೆಯನ್ನೇ ತಡೆಯುವ ಹೊಸ ಔಷಧಿಯೊಂದರ ಕೆಲಸವೂ ಶುರುವಾಗಿತ್ತು. ಈಗ ನೋಡಿದರೆ ಸಾಧು ಬ್ಯಾಕ್ಟೀರಿಯಾ ಕೂಡ ತಟ್ಟೆಯ ಮೇಲೆ ಬಿಳಿ ಚುಕ್ಕೆಗಳಾಗಿ ಎದ್ದು ಕೂತಿತ್ತು. ಕೋಶದೊಳಗೆ ಅದರ ಸಂಖ್ಯೆ ಹೆಚ್ಚಿರಲಿಲ್ಲ, ಕೋಶವನ್ನು ಕೊಂದಿರಲಿಲ್ಲ. ಸತ್ತೂ ಇರಲಿಲ್ಲ.

"ಮತ್ತೆ ಮತ್ತೆ ಮಾಡಿ ನೋಡಿದ್ದೀನಿ ಸರ್."

"ಹಾಗಾದ್ರೆ ರಕ್ತವೇ ಸರಿಯಿಲ್ಲ. ಯಾರದು?"

"ನಮ್ಮಕ್ಕಂದು."

"ಸೋಮಾರಿ ಕೋಶಗಳು! ನಾವು ಬರೀತಿರೋ ಪ್ರಬಂಧದಿಂದ ಆ ಭಾಗ ತೆಗೆದುಹಾಕು."

ಸಂಜೆ ಈ ಮಾತು ಕೇಳಿ, ಬಸ್ ಓಡಿಸಿ ಬಂದು ಕಾಲು ಚಾಚಿ ಕೂತಿದ್ದ ಅಕ್ಕ ದಡಕ್ಕನೆ ಎದ್ದಳು. "ಯಾರ ರಕ್ತ ಸೋಮಾರಿ? ಊರು ಏಳೋಕ್ಮುಂಚೆ ಎದ್ದು ಊರನ್ನೇ ಹೊತ್ತು ತಿರುಗೋಳು ನಾನು! ಅವರ ರಕ್ತನೇ ತೆಗೆದು ನೋಡೇ, ಅದೆಷ್ಟು ಚುರುಕೋ ಗೊತ್ತಾಗ್ಲಿ."

ಅಕ್ಕ ಸಿಟ್ಟಿಗೆ ಅಂದದ್ದು ತಂಗಿಗೆ ನಾಟಿತು. ಮರುದಿನ ಪ್ರಯೋಗಾಲಯದಲ್ಲಿ ಎಲ್ಲರ ಎದುರಿಗೇ ಪ್ರೊಫೆಸರ್ ಹತ್ತಿರ ಅವರ ರಕ್ತ ಕೇಳಿದಳು. ಒಲ್ಲೆನೆಂದರೆ ಮಾನ ಹೋಗುತ್ತದೆಂದು ಅವರು ಮುಖ ಗಂಟಿಕ್ಕಿಕೊಂಡು ಅಂಗಿಯ ತೋಳು ಮಡಿಸಿ ಕೈ ಚಾಚಿದರು.

ಅವರ ಕೋಶಗಳಲ್ಲೂ ಸಾಧು ಬ್ಯಾಕ್ಟೀರಿಯಾ ಆರಾಮವಾಗಿ ಬದುಕಿತ್ತು.

ಈ ಸಲ ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು. "ಸರಿ, ಸಾಧುವೂ ಒಳಗೆ ಬದುಕುತ್ತೆ ಅಂತಲೇ ಇಟ್ಕೋ. ಔಷಧಿ ಮಾಡೋರಿಗೆ ಈಗ ನಾನು ಏನಂತ ಹೇಳ್ಲಿ? ಸುಮ್ನಿದ್ದುಬಿಡು."

"ಸುಮ್ನಿರೋದಾ?" ಅವಳು ಅವರ ಕೈಯಿಂದ ತಟ್ಟೆ ಕಿತ್ತುಕೊಂಡಳು. "ಅಡಗಿಕೊಳ್ಳೋದೇ ರೋಗ ಅಲ್ಲ ಸರ್. ಅಡಗಿದ ಮೇಲೆ ಅದೇನು ಮಾಡುತ್ತೆ ಅನ್ನೋದು ರೋಗ. ನಿಮ್ಮ ಮಾನ ಉಳಿಸೋಕೆ ಕೆಮ್ಮಿ ಕೆಮ್ಮಿ ರಕ್ತ ಕಾರೋರು ಕೆಲಸಕ್ಕೆ ಬಾರದ ಔಷಧಿ ನುಂಗ್ಬೇಕಾ?"

ಅವತ್ತೇ ಪ್ರಬಂಧದಿಂದ ತನ್ನ ಹೆಸರು ತೆಗೆಸಿ, ತಟ್ಟೆಗಳ ಫೋಟೋಗಳನ್ನು ವಿಭಾಗದ ಮುಖ್ಯಸ್ಥೆಯ ಮೇಜಿನ ಮೇಲಿಟ್ಟಳು. ಮುಖ್ಯಸ್ಥೆ ಪ್ರಬಂಧವನ್ನು ತಡೆಹಿಡಿದು, ಇದೇ ಪ್ರಯೋಗವನ್ನು ಬೇರೊಂದು ಪ್ರಯೋಗಾಲಯಕ್ಕೆ ಒಪ್ಪಿಸಿದರು. ಅಲ್ಲಿಯೂ ಅದೇ ಉತ್ತರ ಬಂತು. ಔಷಧಿಯ ಕೆಲಸ ನಿಂತಿತು.

ತಿಂಗಳುಗಳ ನಂತರ ತುಂಬಿದ ಸಭೆಯಲ್ಲಿ ಪ್ರೊಫೆಸರ್ ಅವಳದೇ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ ನಗುನಗುತ್ತ ಅಂದರು: "ಈ ಅನುಮಾನ ನಮಗೆ ಮೊದಲಿಂದಲೂ ಇತ್ತು."

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಅವಳು ಎದ್ದು ನಿಂತಿದ್ದಳು.

"ನಮಗಲ್ಲ ಸರ್. ನನಗೆ."